ನೋವಿಲ್ಲದ ಕಾಮಾಲೆ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಜಿಲ್ಲಾ ಆರೋಗ್ಯಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳು, ಮನೆಯಲ್ಲಿ ಐವತ್ತು ದಾಟಿದವರಿರುವ ಎಲ್ಲರೂ

ವಿಷಯ: ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರನ್ನು ಬೇಗ ಹಿಡಿಯಲು, ಈಗಿರುವ ವ್ಯವಸ್ಥೆಯಲ್ಲೇ ಮೂರು ತಿದ್ದುಪಡಿ ಕೋರಿ

ಮಾನ್ಯರೇ,

ಐವತ್ತು ದಾಟಿದವರ ಕಣ್ಣು ಹಳದಿಯಾದರೆ ನಮ್ಮ ಬಹಳಷ್ಟು ಊರುಗಳಲ್ಲಿ ಮೊದಲು ನೆನಪಾಗುವುದು ಆಸ್ಪತ್ರೆಯಲ್ಲ, ಕಾಮಾಲೆಗೆ ಔಷಧಿ ಕೊಡುವವರ ಮನೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲೋ ಹಾಲಿನಲ್ಲೋ ಕುಡಿಸುತ್ತಾರೆ. ಎಣ್ಣೆ, ಉಪ್ಪು, ಖಾರ ಬಿಡಿಸಿ ಪಥ್ಯ ಹೇಳುತ್ತಾರೆ. ಕೆಲವೆಡೆ ಇಂದಿಗೂ ಬರೆ ಹಾಕುತ್ತಾರೆ. ಒಂದು ವಾರ ಹೋಗುತ್ತದೆ, ಎರಡು ವಾರ ಹೋಗುತ್ತದೆ, ಆಮೇಲೆ "ಇನ್ನೊಂದು ಮೂರು ದಿನ ನೋಡೋಣ" ಎನ್ನುತ್ತಾರೆ. ವೈರಸ್ಸಿನಿಂದ ಬಂದ ಕಾಮಾಲೆಯಾದರೆ ಸಾಮಾನ್ಯವಾಗಿ ಅಷ್ಟರಲ್ಲಿ ಹಳದಿ ತಾನಾಗಿಯೇ ಇಳಿಯತೊಡಗುತ್ತದೆ, ಔಷಧಿಗೆ ಹೆಸರು ಬರುತ್ತದೆ. ಇಳಿಯದ ಕಾಮಾಲೆಯೂ ಒಂದಿದೆ. ಈ ಪತ್ರ ಅದರ ಬಗ್ಗೆ.

ನಾವು ಹೊಟ್ಟೆರೋಗ, ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಮತ್ತು ಉಪಶಮನ ಆರೈಕೆ ವಿಭಾಗಗಳಲ್ಲಿ ಕೆಲಸ ಮಾಡುವವರು. ಹೊಸ ಯೋಜನೆ ಬೇಡುತ್ತಿಲ್ಲ, ಹೊಸ ಕಟ್ಟಡ ಬೇಡುತ್ತಿಲ್ಲ, ನವೆಂಬರ್ ತಿಂಗಳ ಜಾಗೃತಿ ದಿನಕ್ಕೆ ನೇರಳೆ ದೀಪವನ್ನಂತೂ ಬೇಡುತ್ತಿಲ್ಲ. ಇಲಾಖೆ ಈಗಾಗಲೇ ನಡೆಸುವ ಬಿಪಿ-ಶುಗರ್ ಕ್ಲಿನಿಕ್ಕು, ಅಲ್ಲಿರುವ ರಿಜಿಸ್ಟರು, ಜಿಲ್ಲಾ ಮಟ್ಟದ ಸಿ.ಟಿ. ಯಂತ್ರ, ಇಷ್ಟನ್ನೇ ಸರಿಯಾದ ಕ್ರಮದಲ್ಲಿ ಬಳಸಿ ಎನ್ನುತ್ತಿದ್ದೇವೆ.

ರೋಗದ ಗಾತ್ರ ಮೊದಲು ಹೇಳಿಬಿಡುತ್ತೇವೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 5.1 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು. ಅದೇ ವರ್ಷ ಇದರಿಂದ ತೀರಿಕೊಂಡವರು ಸುಮಾರು 4.67 ಲಕ್ಷ. ಬಂದವರ ಲೆಕ್ಕ, ಹೋದವರ ಲೆಕ್ಕ ಇಷ್ಟು ಹತ್ತಿರವಿರುವ ಕ್ಯಾನ್ಸರ್ ಬಹಳ ಇಲ್ಲ. ಯುರೋಪ್, ಅಮೆರಿಕಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ಒಬ್ಬ ಪಿಎಚ್‌ಸಿ ವೈದ್ಯರು ಇಡೀ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು ರೋಗಿಗಳನ್ನು ನೋಡಬಹುದು. ಅಪರೂಪವಾದ್ದರಿಂದಲೇ ಇದನ್ನು ಯಾರೊಬ್ಬರ ನೆನಪಿನ ಮೇಲೂ ಬಿಡುವಂತಿಲ್ಲ, ಕಾಗದದ ಮೇಲೆ ಬರೆದಿಡಬೇಕು. ನಮ್ಮ ವಾದದ ತಿರುಳು ಇಷ್ಟೇ.

ಮೇದೋಜ್ಜೀರಕ ಗ್ರಂಥಿ, ಆಸ್ಪತ್ರೆಯ ಬಾಯಲ್ಲಿ ಪ್ಯಾಂಕ್ರಿಯಾಸ್, ಸುಮಾರು 15 ಸೆಂಟಿಮೀಟರ್ ಉದ್ದದ, ನೂರು ಗ್ರಾಂ ಆಸುಪಾಸಿನ ಅಂಗ. ಜಠರದ ಹಿಂದೆ, ಬೆನ್ನೆಲುಬಿಗೆ ಒರಗಿಕೊಂಡು ಅಡ್ಡಲಾಗಿ ಮಲಗಿರುತ್ತದೆ. ತಲೆಭಾಗ ಬಲಕ್ಕೆ, ಸಣ್ಣಕರುಳಿನ ಮೊದಲ ತಿರುವಿನ ತೆಕ್ಕೆಯಲ್ಲಿ. ಬಾಲ ಎಡಕ್ಕೆ, ಗುಲ್ಮದ ಹತ್ತಿರ. ಊಟದ ಕೊಬ್ಬು, ಪಿಷ್ಟ, ಪ್ರೋಟೀನು ಕರಗಿಸುವ ರಸವನ್ನು ಕರುಳಿಗೆ ಸುರಿಯುವುದು ಇದೇ, ಇನ್ಸುಲಿನ್ ಅನ್ನು ರಕ್ತಕ್ಕೆ ಬಿಡುವುದೂ ಇದೇ. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದರೆ ಸಿಗುವುದಿಲ್ಲ. ಗಡ್ಡೆ ಕೈಗೆ ಸಿಗುವಷ್ಟು ಬೆಳೆದಿದ್ದರೆ ಸಾಮಾನ್ಯವಾಗಿ ಹೊತ್ತು ಮೀರಿರುತ್ತದೆ.

ಇಲ್ಲಿ ಒಂದು ಅಂಗರಚನೆಯ ವಿವರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಯಕೃತ್ತಿನಿಂದ ಬರುವ ಪಿತ್ತನಾಳ ಕರುಳು ಸೇರುವ ಮುನ್ನ ಪ್ಯಾಂಕ್ರಿಯಾಸಿನ ತಲೆಯೊಳಗಿಂದ ಹಾದುಹೋಗುತ್ತದೆ. ಈ ಕ್ಯಾನ್ಸರ್‌ಗಳಲ್ಲಿ ಮೂರರಲ್ಲಿ ಎರಡರಷ್ಟು ಹುಟ್ಟುವುದು ಆ ತಲೆಭಾಗದಲ್ಲೇ. ಗಡ್ಡೆ ಎರಡು ಸೆಂಟಿಮೀಟರ್ ಇದ್ದರೂ ಸಾಕು, ನಾಳವನ್ನು ಹಿಸುಕಿಬಿಡುತ್ತದೆ. ಪಿತ್ತ ಹಿಂದಕ್ಕೆ ನಿಂತು ರಕ್ತ ಸೇರುತ್ತದೆ, ಕಣ್ಣು ಹಳದಿಯಾಗುತ್ತದೆ. ನಡುಭಾಗದಲ್ಲೋ ಬಾಲದಲ್ಲೋ ಹುಟ್ಟಿದ ಗಡ್ಡೆಗೆ ಹಿಸುಕಲು ನಾಳವಿಲ್ಲ. ಅದು ಸದ್ದಿಲ್ಲದೆ ಬೆಳೆದು ಯಕೃತ್ತಿಗೆ ಹರಡಿದ ಮೇಲೆಯೇ ಗೊತ್ತಾಗುವುದು ಹೆಚ್ಚು. ಹಾಗಾಗಿ ಕಣ್ಣು ಹಳದಿಯಾಗುವುದು, ಈ ರೋಗದ ಮಟ್ಟಿಗೆ, ಅದೃಷ್ಟದ ಸೂಚನೆ. ಸಣ್ಣದಿರುವಾಗಲೇ ರೋಗ ತಾನೇ ಕೈಯೆತ್ತಿದ ಹಾಗೆ. ಆ ಅದೃಷ್ಟವನ್ನು ನಾವು ಕಷಾಯದಲ್ಲೂ ಪಥ್ಯದಲ್ಲೂ ಕಳೆಯುತ್ತಿದ್ದೇವೆ.

ಹಾಗಾದರೆ ಯಾವ ಕಾಮಾಲೆಗೆ ಹೆದರಬೇಕು? ಕಾಮಾಲೆ ರೋಗವಲ್ಲ, ಲಕ್ಷಣ. ವೈರಸ್ಸಿನದಾದರೆ ಹಳದಿಗೆ ಮುಂಚೆ ಜ್ವರ, ಮೈಕೈ ನೋವು, ವಾಕರಿಕೆ, ಅನ್ನ ಕಂಡರೆ ಆಗದಿರುವುದು ಸಾಮಾನ್ಯ, ವಯಸ್ಸು ಕಿರಿದು. ನಾಳ ಕಟ್ಟಿದ ಕಾಮಾಲೆಯ ಬಗೆ ಬೇರೆ. ಜ್ವರವಿಲ್ಲ, ಹೊಟ್ಟೆನೋವು ಇಲ್ಲ ಅಥವಾ ಹೇಳಿಕೊಳ್ಳುವಂಥದ್ದಲ್ಲ. ಮೂತ್ರ ಕಡುಚಹಾ ಬಣ್ಣ. ಮಲ ಬಣ್ಣಗೆಟ್ಟು ಜೇಡಿಮಣ್ಣಿನ ಹಾಗೆ, ಏಕೆಂದರೆ ಮಲಕ್ಕೆ ಕಂದು ಬಣ್ಣ ಕೊಡುವ ಪಿತ್ತ ಕರುಳಿಗೆ ಇಳಿಯುತ್ತಲೇ ಇಲ್ಲ. ಮೈಯೆಲ್ಲ ತುರಿಕೆ, ಅಂಗೈ ಅಂಗಾಲಲ್ಲಿ ಹೆಚ್ಚು, ರಾತ್ರಿ ಇನ್ನೂ ಹೆಚ್ಚು. ಎಷ್ಟೋ ಸಲ ರೋಗಿ ಮೊದಲು ಹೋಗುವುದು ಚರ್ಮದ ವೈದ್ಯರ ಬಳಿ. ತೋಳಿನ ಮೇಲೆ ಉಗುರಿನ ಗೀರು ತುಂಬಿದ್ದು, ಬೊಕ್ಕೆ ಒಂದೂ ಇಲ್ಲದಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ಹಗಲು ಬೆಳಕಿನಲ್ಲಿ ನೋಡಬೇಕು. ರಕ್ತದಲ್ಲಿ ಬಿಲಿರುಬಿನ್, ಅಂದರೆ ಪಿತ್ತದ ಹಳದಿ ಬಣ್ಣದ ವಸ್ತು, ಡೆಸಿಲೀಟರಿಗೆ 2ರಿಂದ 3 ಮಿಲಿಗ್ರಾಂ ದಾಟುವವರೆಗೆ ಬಿಳಿಗುಡ್ಡೆಯಲ್ಲಿ ಹಳದಿ ಕಾಣುವುದಿಲ್ಲ, ಟ್ಯೂಬ್‌ಲೈಟಿನ ಕೆಳಗಂತೂ ಸುಲಭವಾಗಿ ತಪ್ಪಿಹೋಗುತ್ತದೆ.

ಪಿಎಚ್‌ಸಿಯಲ್ಲೇ, ಹತ್ತು ನಿಮಿಷದಲ್ಲಿ, ಆಗುವ ಕೆಲಸ ಒಂದಿದೆ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ಮೂತ್ರ ತೆಗೆದುಕೊಂಡು ಮುಚ್ಚಳ ಹಾಕಿ ಅಲುಗಿಸಿ. ಯಾರ ಮೂತ್ರ ಅಲುಗಿಸಿದರೂ ಬಿಳಿ ನೊರೆ ಬರುತ್ತದೆ. ಬಿಲಿರುಬಿನ್ ಇದ್ದರೆ ನೊರೆಯೇ ಹಳದಿ. ಬಿಸಿಲಲ್ಲಿ ಕೆಲಸ ಮಾಡಿ ನೀರು ಕುಡಿಯದವರ ಮೂತ್ರವೂ ಗಾಢವಾಗಿರುತ್ತದೆ, ಆದರೆ ಅದರ ನೊರೆ ಬಿಳಿಯೇ. ಮೂತ್ರದಲ್ಲಿ ಅದ್ದಿ ನೋಡುವ ಡಿಪ್‌ಸ್ಟಿಕ್ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು: ಬಿಲಿರುಬಿನ್ ಇದೆ, ಕರುಳಿಗೆ ಇಳಿದ ಪಿತ್ತದಿಂದ ಹುಟ್ಟುವ ಯುರೋಬಿಲಿನೋಜನ್ ಇಲ್ಲ ಎಂದು ಬಂದರೆ ನಾಳ ಪೂರ್ತಿ ಕಟ್ಟಿದೆ ಎಂದು ಅನುಮಾನಿಸಬೇಕು. ಬಲಪಕ್ಕೆಲುಬಿನ ಕೆಳಗೆ ನೋವಿಲ್ಲದ, ಬದನೆಕಾಯಿಯ ಹಾಗೆ ನುಣುಪಾದ ಉಬ್ಬು ಕೈಗೆ ಸಿಕ್ಕಿದರೆ ಅದು ಹಿಗ್ಗಿದ ಪಿತ್ತಕೋಶ. ಹರಳಿನಿಂದ ಹಲವು ವರ್ಷ ಸವೆದ ಪಿತ್ತಕೋಶ ಸುಕ್ಕುಗಟ್ಟಿರುತ್ತದೆ, ಹಿಗ್ಗುವುದಿಲ್ಲ. ಹಿಗ್ಗಿದೆಯೆಂದರೆ ಅಡ್ಡಿ ಹರಳಿನದಲ್ಲ, ಬೇರೆಯದ್ದಿರಬಹುದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಕೂರ್ವಾಸಿಯೇ 1890ರಲ್ಲೇ ಇದನ್ನು ಬರೆದಿಟ್ಟ. ನೂರಮೂವತ್ತು ವರ್ಷ ಹಳೆಯ ಪಾಠ, ಕೈಯೊಂದಿದ್ದರೆ ಸಾಕು.

ಯಕೃತ್ತಿನ ರಕ್ತಪರೀಕ್ಷೆಯ (ಎಲ್‌ಎಫ್‌ಟಿ) ವರದಿಯಲ್ಲಿ ಒಟ್ಟು ಬಿಲಿರುಬಿನ್ ಸಂಖ್ಯೆಯೊಂದನ್ನೇ ನೋಡಿ ಮಡಚಿಡುವ ಅಭ್ಯಾಸ ಹೋಗಬೇಕು. ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ಏರುವ ಎಸ್‌ಜಿಪಿಟಿ ಸಾವಿರದ ಆಸುಪಾಸಿನಲ್ಲಿದ್ದು, ನಾಳ ಕಟ್ಟಿದಾಗ ಏರುವ ಎಎಲ್‌ಪಿ ತುಸುವೇ ಏರಿದ್ದರೆ ಯಕೃತ್ತಿನ ಉರಿಯೂತದ ಕಡೆ ಯೋಚನೆ ಹೋಗಲಿ. ಎಸ್‌ಜಿಪಿಟಿ ನೂರು ಇನ್ನೂರರಲ್ಲೇ ಇದ್ದು, ಎಎಲ್‌ಪಿ ಮತ್ತು ಜಿಜಿಟಿ ಮೂರು ನಾಲ್ಕು ಪಟ್ಟು ಏರಿ, ಬಿಲಿರುಬಿನ್‌ನ ಬಹುಪಾಲು ಡೈರೆಕ್ಟ್ ಆಗಿದ್ದರೆ ಅದು ನಾಳದ ಕಥೆ. ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಕೂಡ ನೋಡಿ. ಪಿತ್ತವಿಲ್ಲದೆ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ. ಇಂಥವರ ಸೊಂಟಕ್ಕೆ "ಶಕ್ತಿ ಇಂಜೆಕ್ಷನ್" ಚುಚ್ಚಿದರೆ ಆ ಜಾಗದಲ್ಲೇ ರಕ್ತ ಕಟ್ಟಿಕೊಳ್ಳಬಹುದು. ಹಳದಿಯ ಜೊತೆಗೆ ಚಳಿಜ್ವರವೂ ಬಂದರೆ ಯಾವ ಪರೀಕ್ಷೆಗೂ ಕಾಯುವ ಹಾಗಿಲ್ಲ. ಕಟ್ಟಿದ ನಾಳದಲ್ಲಿ ಕೀವಾಗಿದೆ ಎಂದರ್ಥ, ಅದೇ ದಿನ ದೊಡ್ಡಾಸ್ಪತ್ರೆ.

ಇನ್ನೊಂದು ಮೋಸವಿದೆ, ಅದನ್ನು ಬಿಡಿಸಿ ಹೇಳಬೇಕು. ಪಿತ್ತನಾಳ ಕರುಳಿಗೆ ತೆರೆಯುವ ಬಾಯಿಯಲ್ಲೇ ಹುಟ್ಟುವ ಕ್ಯಾನ್ಸರೊಂದಿದೆ, ಆಂಪುಲ್ಲಾ ಕ್ಯಾನ್ಸರ್. ಅದರ ಮೇಲ್ಪದರ ಆಗಾಗ ಕಳಚಿಬಿದ್ದು ಪಿತ್ತ ಮತ್ತೆ ಹರಿಯುತ್ತದೆ. ಹಳದಿ ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಬೇರಿನ ಔಷಧಿ ಕೆಲಸ ಮಾಡಿತೆಂದು ಮನೆಯವರು ತೆಂಗಿನಕಾಯಿ ಒಡೆಯುತ್ತಾರೆ. ಕೆಲವು ವಾರಕ್ಕೆ ಮತ್ತೆ ಹಳದಿ. ಈ ಬಗೆಯ ಗಡ್ಡೆಗೆ ಪ್ಯಾಂಕ್ರಿಯಾಸಿನದಕ್ಕಿಂತ ಎಷ್ಟೋ ಒಳ್ಳೆಯ ಫಲಿತಾಂಶವಿದೆ, ಶಸ್ತ್ರಚಿಕಿತ್ಸೆ ಎರಡಕ್ಕೂ ಒಂದೇ. ಹಳದಿ ಇಳಿದದ್ದು ಗುಣವಾದದ್ದಕ್ಕೆ ಸಾಕ್ಷಿಯಲ್ಲ. ಐವತ್ತು ದಾಟಿದವರಲ್ಲಿ ಒಮ್ಮೆ ನಾಳ ಕಟ್ಟಿದ ಲಕ್ಷಣ ಕಂಡಿತೆಂದರೆ, ಇಳಿದರೂ ಸ್ಕ್ಯಾನ್ ಆಗಲೇಬೇಕು.

ಈಗ ತಾಲ್ಲೂಕು ಆಸ್ಪತ್ರೆಯ ಅಲ್ಟ್ರಾಸೌಂಡ್ ಕೋಣೆಗೆ ಬರೋಣ. ಇಲ್ಲಿ ಒಂದು ಸಾಲು ಹಲವರ ಪ್ರಾಣ ತೆಗೆದಿದೆ ಎಂದರೆ ಅತಿಶಯೋಕ್ತಿಯಲ್ಲ. ವರದಿಯ ಮಧ್ಯದಲ್ಲಿ, ಕಿಡ್ನಿಯ ಅಳತೆಗೂ ಗುಲ್ಮದ ಅಳತೆಗೂ ನಡುವೆ ಅದು ಇರುತ್ತದೆ: ಕರುಳಿನ ಗಾಳಿಯಿಂದಾಗಿ ಪ್ಯಾಂಕ್ರಿಯಾಸ್ ಸ್ಪಷ್ಟವಾಗಿ ಕಾಣಲಿಲ್ಲ. ಕೆಳಗಿನ ತೀರ್ಮಾನದಲ್ಲಿ "ಗಮನಾರ್ಹ ದೋಷವಿಲ್ಲ". ರೋಗಿಗೆ ತಲುಪುವ ಮಾತು, "ಸ್ಕ್ಯಾನಿಂಗ್ ನಾರ್ಮಲ್". ಕಾಣಲಿಲ್ಲ ಎನ್ನುವುದು ಹೇಗೆ ಸರಿಯಾಗಿದೆ ಎಂದಾಯಿತು? ಅಲ್ಟ್ರಾಸೌಂಡಿನ ಶಬ್ದತರಂಗ ಗಾಳಿಯ ಮೂಲಕ ಹಾಯುವುದಿಲ್ಲ, ಪ್ಯಾಂಕ್ರಿಯಾಸ್ ಇರುವುದೇ ಗಾಳಿ ತುಂಬಿದ ಜಠರ-ಕರುಳುಗಳ ಹಿಂದೆ. ಬಾಲದ ಭಾಗವಂತೂ ಬಹುತೇಕ ಮರೆಯಲ್ಲಿರುತ್ತದೆ. ಇದು ಸ್ಕ್ಯಾನ್ ಮಾಡಿದವರ ತಪ್ಪಲ್ಲ, ಉಪಕರಣದ ಮಿತಿ. ಆದರೆ ಗಡ್ಡೆ ಕಾಣದಿದ್ದರೂ ಅದು ಮಾಡಿದ ಹಾನಿ ಕಾಣುತ್ತದೆ: 6-7 ಮಿಲಿಮೀಟರ್ ಇರಬೇಕಾದ ಪಿತ್ತನಾಳ 14 ಆಗಿರುತ್ತದೆ, ಜೊತೆಗೆ ಪ್ಯಾಂಕ್ರಿಯಾಸಿನ ನಾಳವೂ ಹಿಗ್ಗಿರುತ್ತದೆ. ಎರಡು ನಾಳವೂ ಹಿಗ್ಗಿದ್ದು, ಹರಳು ಇಲ್ಲ ಎಂದರೆ, ತಲೆಭಾಗದಲ್ಲಿ ಗಡ್ಡೆ ಇದೆ ಎಂದುಕೊಂಡೇ ಮುಂದುವರಿಯಬೇಕು.

ಮೊದಲ ಬೇಡಿಕೆ ಇಲ್ಲಿಂದ ಹುಟ್ಟುತ್ತದೆ. ನಲವತ್ತು ದಾಟಿದ ಯಾರಿಗೇ ಆಗಲಿ ಕಣ್ಣು ಹಳದಿಯಾಗಿ ನಾಳ ಕಟ್ಟಿದ ಲಕ್ಷಣವಿದ್ದರೆ, ಎರಡು ವಾರದೊಳಗೆ ಸಿ.ಟಿ. ಆಗಬೇಕು ಎಂಬ ಲಿಖಿತ ನಿಯಮ ಬೇಕು. ಈ ಗಡಿ ನಾವು ಕಟ್ಟಿದ್ದಲ್ಲ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ ನಲವತ್ತು ದಾಟಿದವರ ಕಾಮಾಲೆಯನ್ನು ತುರ್ತು ಕ್ಯಾನ್ಸರ್ ಶಂಕೆಯ ದಾರಿಗೇ ಹಾಕುತ್ತದೆ. ಅರವತ್ತು ದಾಟಿದವರು ತೂಕ ಇಳಿಯುತ್ತಿದೆ ಎಂದು ಬಂದು, ಜೊತೆಗೆ ಬೆನ್ನುನೋವು, ಹೊಟ್ಟೆನೋವು, ಭೇದಿ, ಮಲಬದ್ಧತೆ, ವಾಂತಿ ಅಥವಾ ಹೊಸ ಸಕ್ಕರೆ ಕಾಯಿಲೆ ಯಾವುದಾದರೊಂದು ಇದ್ದರೂ ಎರಡು ವಾರದೊಳಗೆ ಸಿ.ಟಿ. ಮಾಡಿಸುವುದನ್ನು ಪರಿಗಣಿಸಿ ಎನ್ನುತ್ತದೆ.

ಸಿ.ಟಿ. ಎಂದರೆ ಯಾವುದಾದರೊಂದು ಸಿ.ಟಿ. ಅಲ್ಲ. "ಹೊಟ್ಟೆ ಸಿ.ಟಿ." ಎಂದಷ್ಟೇ ಬರೆದ ಚೀಟಿ ತೆಗೆದುಕೊಂಡು ಹೋದರೆ, ಬಾಯಿಂದ ಬಿಳಿ ಔಷಧಿ ಕುಡಿಸಿ, ಒಂದೇ ಹಂತದ ಚಿತ್ರ ತೆಗೆದು ಕಳಿಸಿಬಿಡುವುದುಂಟು. ಆ ಬಿಳಿ ಔಷಧಿ ಕರುಳಿನಲ್ಲಿ ಹೊಳೆದು ಪಕ್ಕದ ಗಡ್ಡೆಯನ್ನೇ ಮರೆಮಾಡುತ್ತದೆ. ಪ್ಯಾಂಕ್ರಿಯಾಸಿಗೆ ಬೇಕಾದ ಸಿ.ಟಿ. ಬೇರೆ. ಕಿಡ್ನಿ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಿಕೊಂಡು, ನಾಲ್ಕು ಗಂಟೆ ಖಾಲಿ ಹೊಟ್ಟೆಯಲ್ಲಿಟ್ಟು, ಸ್ಕ್ಯಾನಿಗೆ ಅರ್ಧ ಗಂಟೆ ಮುಂಚೆ ಅರ್ಧದಿಂದ ಒಂದು ಲೀಟರ್ ಬರೀ ನೀರು ಕುಡಿಸಬೇಕು. ದಪ್ಪ ಸೂಜಿಯಿಂದ, ಸೆಕೆಂಡಿಗೆ 4-5 ಮಿಲಿಲೀಟರ್ ವೇಗದಲ್ಲಿ ಚಿತ್ರ ಸ್ಪಷ್ಟಗೊಳಿಸುವ ಕಾಂಟ್ರಾಸ್ಟ್ ದ್ರವ ರಕ್ತಕ್ಕೆ ಹೋಗಬೇಕು. ಮೊದಲ ಚಿತ್ರ ಸುಮಾರು 40-45 ಸೆಕೆಂಡಿಗೆ, ಎರಡನೆಯದು 65-70 ಸೆಕೆಂಡಿಗೆ. ಮೊದಲ ಹಂತದಲ್ಲಿ ಗ್ರಂಥಿ ಬೆಳಗುತ್ತದೆ, ರಕ್ತ ಕಡಿಮೆ ಹರಿಯುವ ಗಡ್ಡೆ ಕಪ್ಪಾಗಿ ಬೇರ್ಪಡುತ್ತದೆ. ಎರಡನೆಯದರಲ್ಲಿ ರಕ್ತನಾಳಗಳಿಗೆ ಅದು ಅಂಟಿದೆಯೋ, ಯಕೃತ್ತಿನಲ್ಲಿ ಬೀಜ ಬಿದ್ದಿದೆಯೋ ತಿಳಿಯುತ್ತದೆ. ಪದರಗಳು 3 ಮಿಲಿಮೀಟರಿಗಿಂತ ದಪ್ಪವಿರಬಾರದು. ಇದಕ್ಕೆ ಹೊಸ ಯಂತ್ರ ಬೇಡ. ಇರುವ ಯಂತ್ರಕ್ಕೆ "ಪ್ಯಾಂಕ್ರಿಯಾಸ್ ಪ್ರೋಟೋಕಾಲ್, ಎರಡು ಹಂತ, ಬಾಯಿಂದ ನೀರು ಮಾತ್ರ" ಎಂದು ಅಚ್ಚುಹಾಕಿದ ಚೀಟಿ ಸಾಕು. ಈ ಅಚ್ಚಿನ ಚೀಟಿಯೇ ನಮ್ಮ ಎರಡನೆಯ ಬೇಡಿಕೆ.

ಚೀಟಿಯ ಕೆಳಗೆ ಇನ್ನೊಂದು ವಾಕ್ಯ ದಪ್ಪ ಅಕ್ಷರದಲ್ಲಿ ಬೇಕು: ಸಿ.ಟಿ.ಗೆ ಮುಂಚೆ ಸ್ಟೆಂಟ್ ಬೇಡ. ಕಣ್ಣು ಹಳದಿಯಾದ ರೋಗಿ ಬಂದ ಕೂಡಲೇ ಎಂಡೋಸ್ಕೋಪಿಯ ಮೂಲಕ ಪಿತ್ತನಾಳಕ್ಕೆ ಕೊಳವೆ ಹಾಕಿಬಿಡುವುದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಎರಡು ದಿನಕ್ಕೆ ತುರಿಕೆ ಇಳಿಯುತ್ತದೆ, ರೋಗಿಯೂ ಖುಷಿ. ಆದರೆ ಕೊಳವೆಯ ಸುತ್ತ ಊತ ಬಂದು, ಕೆಲವೊಮ್ಮೆ ಪ್ಯಾಂಕ್ರಿಯಾಸೇ ಉರಿಯೂತಗೊಂಡು, ಆಮೇಲಿನ ಸಿ.ಟಿ.ಯಲ್ಲಿ ಯಾವುದು ಗಡ್ಡೆ ಯಾವುದು ಊತ ಎಂದು ಹೇಳಲಾಗದು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ತಂಡವೊಂದು ಬಿಲಿರುಬಿನ್ ಸುಮಾರು 14.6 ಮಿಲಿಗ್ರಾಂವರೆಗಿದ್ದ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋದವರಲ್ಲಿ ಗಂಭೀರ ತೊಡಕು 39 ಪ್ರತಿಶತ, ಮೊದಲು ಕೊಳವೆ ಹಾಕಿಸಿಕೊಂಡವರಲ್ಲಿ 74 ಪ್ರತಿಶತ. ಆಗಿನದು ಹೆಚ್ಚಾಗಿ ಪ್ಲಾಸ್ಟಿಕ್ ಕೊಳವೆ, ಈಗ ಲೋಹದ್ದಿದೆ, ಸ್ಥಿತಿ ಸುಧಾರಿಸಿದೆ. ಕ್ರಮ ಮಾತ್ರ ಬದಲಾಗಿಲ್ಲ. ನಾಳದಲ್ಲಿ ಕೀವಾದರೆ, ಬಿಲಿರುಬಿನ್ ಬಹಳ ಏರಿದ್ದರೆ, ಮೊದಲು ಕೀಮೋ ಕೊಡಬೇಕಿದ್ದರೆ, ಶಸ್ತ್ರಚಿಕಿತ್ಸೆ ತಡವಾಗುವುದು ಖಚಿತವಾಗಿದ್ದರೆ ಕೊಳವೆ ಬೇಕೇ ಬೇಕು. ಕೀವಿನ ತುರ್ತು ಬಿಟ್ಟರೆ ಉಳಿದವರಿಗೆ ಅದಕ್ಕೂ ಮುಂಚೆ ಸಿ.ಟಿ. ಆಗಿರಬೇಕು, ಅಷ್ಟೇ.

ಮೂರನೆಯ ಬೇಡಿಕೆ ಸಕ್ಕರೆಯದು, ಇದು ಹೆಚ್ಚು ಸೂಕ್ಷ್ಮ: ಐವತ್ತು ದಾಟಿ ಹೊಸದಾಗಿ ಮಧುಮೇಹ ಬಂದವರನ್ನು ಪ್ರತಿ ಭೇಟಿಯಲ್ಲೂ ನಿಜವಾಗಿ ತೂಗಿ, ಅಪಾಯವಿರುವವರನ್ನು ಬೇರ್ಪಡಿಸಬೇಕು. ಅಮೆರಿಕದ ಮಿನ್ನೆಸೋಟಾದ ರೋಚೆಸ್ಟರ್ ಊರಿನ ಜನರನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಐವತ್ತರ ನಂತರ ಹೊಸದಾಗಿ ಮಧುಮೇಹ ಬಂದವರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ ಜನರಿಗೆ ಮೂರು ವರ್ಷದೊಳಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾಯಿತು. ಅಂದರೆ ಇಂಥವರಲ್ಲಿ ಸಕ್ಕರೆ ಕಾಯಿಲೆ ಕ್ಯಾನ್ಸರಿಗೆ ಕಾರಣವಲ್ಲ, ಕ್ಯಾನ್ಸರಿನ ಮೊದಲ ಕುರುಹು. ಹಾಗೆಂದು ಮಧುಮೇಹದ ಪ್ರತಿಯೊಬ್ಬರಿಗೂ ಸಿ.ಟಿ. ಮಾಡಿಸುವುದು ಹುಚ್ಚುತನ, ನಮ್ಮ ರಾಜ್ಯದಲ್ಲಂತೂ ಯಂತ್ರ ಸುಟ್ಟುಹೋದೀತು. ಸಾಮಾನ್ಯ ಮಧುಮೇಹ ತೂಕ ಏರಿದವರಿಗೆ ಬರುತ್ತದೆ. ಇಲ್ಲಿ ತೂಕ ಇಳಿಯುತ್ತಿರುವಾಗಲೇ ಸಕ್ಕರೆ ಏರುತ್ತದೆ, ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರುತ್ತದೆ, ಬಂದ ಮೇಲೆ ಬೇಗ ಬೇಗ ಬಿಗಡಾಯಿಸುತ್ತದೆ. ವಯಸ್ಸು, ತೂಕದ ಬದಲಾವಣೆ, ಸಕ್ಕರೆಯ ಬದಲಾವಣೆ ಈ ಮೂರಕ್ಕೆ ಅಂಕ ಕೊಡುವ ಎಂಡ್‌ಪ್ಯಾಕ್ ಎಂಬ ಲೆಕ್ಕವಿದೆ. ಮೂರು ಅಥವಾ ಹೆಚ್ಚು ಅಂಕ ಬಂದವರಲ್ಲಿ ಅಪಾಯ ಹೊಸ ಮಧುಮೇಹಿಗಳ ಸರಾಸರಿಯ ನಾಲ್ಕು ಪಟ್ಟಿಗೂ ತುಸು ಹೆಚ್ಚು. ಸೊನ್ನೆ ಬಂದವರು ನೆಮ್ಮದಿಯಾಗಿ ಮಾತ್ರೆ ತೆಗೆದುಕೊಂಡು ಹೋಗಬಹುದು.

ಈ ಲೆಕ್ಕಕ್ಕೆ ಬೇಕಾದ ಎಲ್ಲವೂ ಕ್ಲಿನಿಕ್ಕಿನಲ್ಲಿದೆ: ತೂಕದ ಯಂತ್ರ, ಗ್ಲುಕೋಮೀಟರು, ರಿಜಿಸ್ಟರು. ಇಲ್ಲದ್ದು ಹಿಂದಿನ ತೂಕ. ಪ್ರತಿ ಭೇಟಿಯಲ್ಲೂ ತೂಕ ಬರೆಯುವ ಕಾಲಂ ಇದ್ದರೂ, ಕಳೆದ ಬಾರಿಯ ಅಂಕಿಯನ್ನೇ ಇಳಿಸಿಬಿಡುವ ಕೈಚಳಕ ಎಲ್ಲ ಕಚೇರಿಗೂ ಗೊತ್ತಿದ್ದದ್ದೇ. ಚಪ್ಪಲಿ ಬಿಡಿಸಿ, ಅದೇ ಯಂತ್ರದಲ್ಲಿ, ಸೊನ್ನೆಗೆ ತಂದು ತೂಗಬೇಕು. ಅರವತ್ತು ಕಿಲೋದವರು ಆರು ತಿಂಗಳಲ್ಲಿ ಮೂರು ಕಿಲೋ ಇಳಿದರೆ ಅದು 5 ಪ್ರತಿಶತ, ಅಲಕ್ಷಿಸುವಂಥದ್ದಲ್ಲ. ಪಂಚೆ ಗಂಟು ಎಷ್ಟು ಒಳಗೆ ಬಂದಿದೆ, ರವಿಕೆ ಎಷ್ಟು ಸಡಿಲವಾಗಿದೆ, ಬೆಲ್ಟಿಗೆ ಹೊಸ ತೂತು ಹೊಡೆಸಿದ್ದಾರೆಯೇ ಎಂದು ಕೇಳಿದರೂ ಸಾಕು.

ಇಲ್ಲಿ ಎರಡು ಗುಂಡಿಗಳಿವೆ. ಸಕ್ಕರೆ ನಿಯಂತ್ರಣ ತಪ್ಪಿದಾಗಲೂ ತೂಕ ಇಳಿಯುತ್ತದೆ, ಮೆಟ್‌ಫಾರ್ಮಿನ್ ಶುರು ಮಾಡಿದಾಗಲೂ ಹಸಿವು ಕುಗ್ಗಿ ಒಂದೆರಡು ಕಿಲೋ ಇಳಿಯಬಹುದು. ಹಾಗಾಗಿ ವೈದ್ಯರು "ಶುಗರಿನಿಂದ" ಎಂದು ಸುಮ್ಮನಾಗುತ್ತಾರೆ. ಮಾತ್ರೆ ಕೊಟ್ಟು ಆರು ವಾರ ಬಿಟ್ಟು ಮತ್ತೆ ತೂಗಿ. ಸಕ್ಕರೆ ಹಿಡಿತಕ್ಕೆ ಬಂದಮೇಲೂ ತೂಕ ಇಳಿಯುತ್ತಲೇ ಇದ್ದರೆ, ಅಥವಾ ಮೊದಲ ದಿನವೇ ಬೆನ್ನಿಗೆ ಹಾಯುವ ನೋವೋ ಎಣ್ಣೆ ಜಿಡ್ಡಿನ ಮಲವೋ ಜೊತೆಗಿದ್ದರೆ, ಚೀಟಿ ಬರೆಯಿರಿ. ಎರಡನೆಯ ಗುಂಡಿ ನಮ್ಮದೇ ಪ್ರಶ್ನಾವಳಿಯಲ್ಲಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೂವತ್ತು ದಾಟಿದವರಿಂದ ತುಂಬಿಸುವ ಸಿಬ್ಯಾಕ್ ಹಾಳೆಯಲ್ಲಿ ತೂಕ ಇಳಿಕೆಯ ಪ್ರಶ್ನೆ ಇದೆ, ಆದರೆ ಅದು ಕೆಮ್ಮು, ಜ್ವರಗಳ ಜೊತೆ ಕ್ಷಯದ ಸಾಲಿನಲ್ಲಿದೆ. "ಹೌದು" ಎಂದರೆ ಕಫ ಪರೀಕ್ಷೆ. ಅದು ಸರಿ, ನಮ್ಮಲ್ಲಿ ಕ್ಷಯವೇ ಹೆಚ್ಚು. ಕಫದಲ್ಲಿ ಏನೂ ಸಿಗದಿದ್ದಾಗ ಆ "ಹೌದು" ಎಲ್ಲಿಗೆ ಹೋಗಬೇಕು? ಈಗ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಂದ ಒಂದು ಬಾಣದ ಗುರುತು ವೈದ್ಯಾಧಿಕಾರಿಯ ಮೇಜಿಗೆ ಎಳೆಯಿರಿ. ಗೃಹ ಆರೋಗ್ಯದಂಥ ಮನೆಬಾಗಿಲ ತಪಾಸಣೆಗೂ ಇದೇ ಬಾಣ ಸಾಕು.

ಉಳಿದ ಲಕ್ಷಣಗಳನ್ನು ಓದುಗರಿಗಾಗಿ ಬರೆಯುತ್ತಿದ್ದೇವೆ, ಅಧಿಕಾರಿಗಳು ಸಹಿಸಿಕೊಳ್ಳಬೇಕು. ಕನ್ನಡ ನಾಡಿನಲ್ಲಿ ಎದೆಗೂಡಿನ ಕೆಳಗೆ ಏನೇ ಆದರೂ ಅದರ ಹೆಸರು ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಕೇಳದೆಯೂ ಕೈಗೆ ಬರುತ್ತದೆ. ನಿಜವಾದ ಆಮ್ಲದ ತೊಂದರೆ ಎರಡು ಮೂರು ವಾರದ ಮಾತ್ರೆಗೆ ಬಗ್ಗಬೇಕು. ಹೊಕ್ಕುಳಿನ ಮೇಲ್ಭಾಗದಿಂದ ಬೆನ್ನಿಗೆ ಕೊರೆಯುವ, ಅಂಗಾತ ಮಲಗಿದರೆ ಹೆಚ್ಚುವ, ಮುಂದಕ್ಕೆ ಬಾಗಿ ದಿಂಬು ಅವುಚಿಕೊಂಡು ಕುಳಿತರೆ ಕಡಿಮೆಯಾಗುವ, ರಾತ್ರಿ ಎಬ್ಬಿಸುವ ನೋವು ಗ್ಯಾಸ್ಟ್ರಿಕ್ ಅಲ್ಲ. ಗ್ರಂಥಿಯ ಹಿಂದಿನ ನರಗಳ ಗುಂಪನ್ನು ಏನೋ ಒತ್ತುತ್ತಿದೆ. ಮಲ ತೇಲುತ್ತದೆ, ಎರಡು ಬಾರಿ ನೀರು ಹಾಕಿದರೂ ಹೋಗುವುದಿಲ್ಲ, ಎಣ್ಣೆ ಜಿಡ್ಡು ನೀರಿನ ಮೇಲೆ ನಿಲ್ಲುತ್ತದೆ, ದುರ್ವಾಸನೆ ಹೆಚ್ಚು: ಕೊಬ್ಬು ಕರಗಿಸುವ ರಸ ಕರುಳಿಗೆ ಬರುತ್ತಿಲ್ಲ. ಐವತ್ತು ದಾಟಿದವರಿಗೆ ಕುಡಿತವೂ ಇಲ್ಲದೆ ಪಿತ್ತದ ಹರಳೂ ಇಲ್ಲದೆ ಮೊದಲ ಬಾರಿ ಪ್ಯಾಂಕ್ರಿಯಾಸಿನ ಉರಿಯೂತ ಬಂದರೆ, ಅದು ಇಳಿದ ಮೇಲೆ ಮತ್ತೆ ಸಿ.ಟಿ. ಕಾರಣವಿಲ್ಲದೆ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಒಂದು ಸುಳಿವು.

ರಕ್ತಪರೀಕ್ಷೆಯೊಂದರಲ್ಲೇ ತಿಳಿಯುವುದಿಲ್ಲವೇ ಎಂದು ಕೇಳುವವರು ಬಹಳ. ಸಿಎ 19-9 ಎಂಬ ಪರೀಕ್ಷೆಯನ್ನು ಮಾಸ್ಟರ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಸಿ ಮಾರುತ್ತಾರೆ. 37ರ ಕೆಳಗಿದ್ದರೆ ನಿಶ್ಚಿಂತೆ ಎಂಬ ನಂಬಿಕೆ ಸುಳ್ಳು: ಸಣ್ಣ ಗಡ್ಡೆಯಲ್ಲಿ ಅದು ಏರದೇ ಇರಬಹುದು, ನೂರರಲ್ಲಿ ಐದರಿಂದ ಹತ್ತು ಜನರ ದೇಹ ಅದನ್ನು ತಯಾರಿಸುವುದೇ ಇಲ್ಲ. ಏರಿದ್ದರೆ ಕ್ಯಾನ್ಸರ್ ಎಂಬುದೂ ಸುಳ್ಳು: ಹರಳಿನಿಂದ ನಾಳ ಕಟ್ಟಿದರೂ ನೂರಾರು ಆಗಬಲ್ಲದು. ರೋಗ ಖಚಿತವಾದ ಮೇಲೆ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ತಿಳಿಯಲು ಅದು ಉಪಯುಕ್ತ. ಲಕ್ಷಣವಿಲ್ಲದ ಸಾಮಾನ್ಯ ಜನರಿಗೆ ಈ ಕ್ಯಾನ್ಸರಿನ ಸಾಮೂಹಿಕ ತಪಾಸಣೆ ಬೇಡವೆಂದು ಅಮೆರಿಕದ ತಜ್ಞ ಮಂಡಳಿ 2019ರಲ್ಲಿ ಮತ್ತೊಮ್ಮೆ ಹೇಳಿದೆ, ನಮ್ಮದೂ ಅದೇ ಮಾತು. ಅಪಾಯ ಹೆಚ್ಚಿರುವವರು ಬೇರೆ. ಬೀಡಿ-ಸಿಗರೇಟು ಸೇದುವವರಿಗೆ ಸೇದದವರಿಗಿಂತ ಸುಮಾರು ಎರಡು ಪಟ್ಟು. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೆ ಈ ಕ್ಯಾನ್ಸರ್ ಇದ್ದವರು, ಬಿಆರ್‌ಸಿಎ 2 ಎಂಬ ವಂಶವಾಹಿಯ ದೋಷವಿರುವ ಕುಟುಂಬದವರು ತಜ್ಞರನ್ನು ಕಾಣಬೇಕು. ದಕ್ಷಿಣ ಭಾರತಕ್ಕೆ, ವಿಶೇಷವಾಗಿ ಕೇರಳಕ್ಕೆ, ಅಂಟಿಕೊಂಡ ಇನ್ನೊಂದು ಕಾಯಿಲೆಯಿದೆ: ಕುಡಿತವಿಲ್ಲದ ಎಳೆಯರಲ್ಲೇ ಪ್ಯಾಂಕ್ರಿಯಾಸಿನಲ್ಲಿ ಸುಣ್ಣದ ಕಲ್ಲು ಕಟ್ಟಿ, ಹೊಟ್ಟೆನೋವು, ಆಮೇಲೆ ಮಧುಮೇಹ. ಇವರಲ್ಲಿ ಕ್ಯಾನ್ಸರ್ ಅಪಾಯ ಹಲವು ಪಟ್ಟು. ವರ್ಷಗಟ್ಟಲೆ ಸುಮ್ಮನಿದ್ದ ನೋವು ದಿಢೀರನೆ ಬದಲಾದರೆ ಹಳೆಯ ಕಾಯಿಲೆಯೇ ಎಂದುಕೊಳ್ಳಬಾರದು.

"ಹೇಗೂ ಸಾಯುವ ರೋಗ, ಬೇಗ ತಿಳಿದು ಏನಾಗಬೇಕು?" ಎಂಬ ಪ್ರಶ್ನೆ ಸಭೆಗಳಲ್ಲಿ ಬರುತ್ತದೆ, ಕೆಲವೊಮ್ಮೆ ವೈದ್ಯರಿಂದಲೇ. ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ್ ಪರಿಕ್ಕರ್ 2019ರ ಮಾರ್ಚ್‌ನಲ್ಲಿ ಇದೇ ರೋಗದಿಂದ ತೀರಿಕೊಂಡರು. ಅಂಥವರಿಗೇ ಆಗದ್ದು ನಮಗೇನಾದೀತು ಎನ್ನುವವರಿದ್ದಾರೆ. ಸ್ಟೀವ್ ಜಾಬ್ಸ್ ಎಂಟು ವರ್ಷ ಬದುಕಿದರಲ್ಲ ಎನ್ನುವವರೂ ಇದ್ದಾರೆ, ಆದರೆ ಅವರದ್ದು ಹಾರ್ಮೋನು ಸ್ರವಿಸುವ ಕೋಶಗಳಿಂದ ಹುಟ್ಟುವ, ನಿಧಾನವಾಗಿ ಬೆಳೆಯುವ ಬೇರೆಯೇ ಬಗೆ. ಎರಡೂ ಉದಾಹರಣೆ ದಾರಿ ತಪ್ಪಿಸುತ್ತವೆ. ಅಮೆರಿಕದ ಲೆಕ್ಕದಲ್ಲಿ ಐದು ವರ್ಷ ಬದುಕುವವರು ಒಟ್ಟಾರೆ ನೂರಕ್ಕೆ ಸುಮಾರು 13, ಗ್ರಂಥಿಯಾಚೆ ಹರಡುವ ಮುನ್ನ ಸಿಕ್ಕವರಲ್ಲಿ ಸುಮಾರು 44, ದೂರಕ್ಕೆ ಹರಡಿದವರಲ್ಲಿ 3. ಪತ್ತೆಯಾಗುವಾಗ ಶಸ್ತ್ರಚಿಕಿತ್ಸೆಗೆ ತಕ್ಕ ಸ್ಥಿತಿಯಲ್ಲಿರುವವರು ನೂರಕ್ಕೆ 15-20 ಮಾತ್ರ. 2018ರಲ್ಲಿ ಪ್ರಕಟವಾದ ಫ್ರಾನ್ಸ್-ಕೆನಡಾ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ನಾಲ್ಕು ಔಷಧಿಗಳ ಕೀಮೋ ಪಡೆದವರ ಮಧ್ಯಮ ಬದುಕು 54 ತಿಂಗಳು, ಹಳೆಯ ಒಂದೇ ಔಷಧಿಯವರದು 35 ತಿಂಗಳು. ಅವರು ಗಟ್ಟಿಮುಟ್ಟಾದ, ಆಯ್ದ ರೋಗಿಗಳು, ನಿಜ. ಗಟ್ಟಿಮುಟ್ಟಾಗಿರುವಾಗಲೇ ಕಳುಹಿಸಿ ಎಂದೇ ನಾವು ಹೇಳುತ್ತಿರುವುದು.

ಎಲ್ಲಿಗೆ ಕಳುಹಿಸಬೇಕು ಎಂಬುದೂ ಮುಖ್ಯ. ವಿಪ್ಪಲ್ ಶಸ್ತ್ರಚಿಕಿತ್ಸೆಯಲ್ಲಿ ಪ್ಯಾಂಕ್ರಿಯಾಸಿನ ತಲೆ, ಸಣ್ಣಕರುಳಿನ ಆರಂಭ, ಪಿತ್ತಕೋಶ, ಪಿತ್ತನಾಳದ ತುದಿ ಎಲ್ಲ ತೆಗೆದು, ಮೂರು ಕಡೆ ಹೊಸದಾಗಿ ಹೊಲಿಯುತ್ತಾರೆ. ಮೃದುವಾದ ಗ್ರಂಥಿಗೆ ಹಾಕಿದ ಹೊಲಿಗೆ ಸೋರುವುದೇ ದೊಡ್ಡ ಭಯ. ಸೋರಿದ ಮೇಲೆ ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ನಿಲ್ಲಿಸಬಲ್ಲ ಸ್ಕ್ಯಾನಿಂಗ್ ತಜ್ಞರು, ಐಸಿಯು, ರಕ್ತನಿಧಿ ಇದ್ದಲ್ಲಿ ರೋಗಿ ಉಳಿಯುತ್ತಾರೆ. ಅಮೆರಿಕದಲ್ಲಿ 2002ರ ಲೆಕ್ಕ: ಅಪರೂಪಕ್ಕೊಮ್ಮೆ ಇದನ್ನು ಮಾಡುವ ಆಸ್ಪತ್ರೆಗಳಲ್ಲಿ ಸಾವು 16.3 ಪ್ರತಿಶತ, ಅತಿ ಹೆಚ್ಚು ಮಾಡುವಲ್ಲಿ 3.8. ಆದ್ದರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಈ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವಾಗ ಆಸ್ಪತ್ರೆ ವರ್ಷಕ್ಕೆ ಎಷ್ಟು ಮಾಡುತ್ತದೆ ಎಂದು ಕೇಳಿ. ಹತ್ತಿರದ ಆಸ್ಪತ್ರೆ ಒಳ್ಳೆಯದು ಎಂಬ ಮಾತು ಹೆರಿಗೆಗೆ ಸರಿ, ಇದಕ್ಕಲ್ಲ. ಶಸ್ತ್ರಚಿಕಿತ್ಸೆ ಸಾಧ್ಯವೆಂದು ಸಿ.ಟಿ. ಸ್ಪಷ್ಟವಾಗಿ ಹೇಳಿದರೆ ಬಯಾಪ್ಸಿಗಾಗಿ ಕಾಯಬೇಕಿಲ್ಲ. ಮೊದಲು ಕೀಮೋ ಕೊಡುವುದಾದರೆ ಬಯಾಪ್ಸಿ ಕಡ್ಡಾಯ, ಎಂಡೋಸ್ಕೋಪಿಯ ಒಳಗಿನ ಅಲ್ಟ್ರಾಸೌಂಡ್ ಮೂಲಕ ತೆಗೆಯುವುದು ಸೂಕ್ತ.

ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯ ಹಂತ ಮೀರಿರುತ್ತದೆ, ಅವರನ್ನು ಮರೆತು ಪತ್ರ ಮುಗಿಸಲಾಗದು. ಅವರಲ್ಲಿ ಅನೇಕರು ಸೊರಗುವುದು ಕ್ಯಾನ್ಸರಿನಿಂದಷ್ಟೇ ಅಲ್ಲ, ತಿಂದದ್ದು ಕರಗದೆ. ಗ್ರಂಥಿಯ ಜೀರ್ಣರಸಕ್ಕೆ ಬದಲಾಗಿ ಕೊಡುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬರೆದರೂ "ಊಟಕ್ಕೆ ಮುಂಚೆ ಒಂದು" ಎಂದು ಬರೆದಿರುತ್ತಾರೆ, ಖಾಲಿ ಹೊಟ್ಟೆಯ ಆಮ್ಲದಲ್ಲಿ ಅದು ವ್ಯರ್ಥ. ಮೊದಲ ತುತ್ತಿನ ಜೊತೆ ಶುರುಮಾಡಬೇಕು, ದೊಡ್ಡ ಊಟವಾದರೆ ನಡುವೆ ಹಂಚಿಕೊಳ್ಳಬೇಕು. ಊಟಕ್ಕೆ ಸುಮಾರು 50,000 ಯೂನಿಟ್, ತಿಂಡಿಗೆ 25,000 ಎಂಬುದು ಸಾಮಾನ್ಯ ಆರಂಭ. ಬಿಸಿ ಕಾಫಿಯ ಜೊತೆ ನುಂಗಬಾರದು. ಎಣ್ಣೆ ಬಿಡಿಸುವ ಪಥ್ಯ ಇವರಿಗೆ ಕೇಡು: ಕ್ಯಾಪ್ಸೂಲ್ ಸರಿಯಿದ್ದರೆ ತುಪ್ಪ, ಮೊಟ್ಟೆ, ಕಡಲೆಕಾಯಿ ಎಲ್ಲ ತಿನ್ನಬಹುದು. ನೋವಿಗೆ ಮಾರ್ಫಿನ್ ಮಾತ್ರೆ ಬೇಕು. 2014ರ ಕಾನೂನು ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ದಾರಿ ಸುಲಭವಾಗಿದೆ. ಪ್ರತಿ ಜಿಲ್ಲಾಸ್ಪತ್ರೆಯೂ ಮಾನ್ಯತೆ ಪಡೆದು ದಾಸ್ತಾನು ಇಡಲಿ, ಬೀರುವಿನ ಕೀಲಿ ರಜೆಯ ಮೇಲೆ ಹೋದವರ ಜೇಬಿನಲ್ಲಿ ಇರದಿರಲಿ.

ಸುತ್ತೋಲೆ ಹೊರಡಿಸುವುದಾದರೆ ಚೀಟಿಯಲ್ಲಿ ಎರಡು ದಿನಾಂಕಗಳ ಖಾನೆ ಹಾಕಲು ಮರೆಯಬೇಡಿ: ಕಣ್ಣು ಹಳದಿಯಾದದ್ದು ಮನೆಯವರಿಗೆ ಕಂಡ ದಿನ, ಸಿ.ಟಿ. ಆದ ದಿನ. ಮೊದಲನೆಯದನ್ನು ಆಶಾ ಅಥವಾ ವೈದ್ಯಾಧಿಕಾರಿ ಕೇಳಿ ಬರೆಯಲಿ, ಎರಡನೆಯದನ್ನು ಸ್ಕ್ಯಾನಿಂಗ್ ವಿಭಾಗ. ಆರು ತಿಂಗಳ ನಂತರ ಆ ಎರಡರ ನಡುವಿನ ದಿನಗಳನ್ನು ಜಿಲ್ಲಾವಾರು ಎಣಿಸಿ ಪ್ರಕಟಿಸಿ. ಚೀಟಿಯ ಕರಡು, ಎಂಡ್‌ಪ್ಯಾಕ್ ಅಂಕಪಟ್ಟಿ ಮತ್ತು ವೈದ್ಯಾಧಿಕಾರಿಗಳಿಗೆ ಅರ್ಧ ದಿನದ ತರಬೇತಿಯ ಪಾಠವನ್ನು ಕನ್ನಡದಲ್ಲೇ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ, ಸಂಭಾವನೆ ಬೇಡ.

ಇಂತಿ ತಮ್ಮ ವಿಶ್ವಾಸಿಗಳು,
ಹೊಟ್ಟೆರೋಗ, ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್ ಹಾಗೂ ಉಪಶಮನ ಆರೈಕೆಯ ಕೆಲವು ವೈದ್ಯರು